ನಿತ್ಯ ವ್ಯವಹಾರದ ಇಂಗ್ಲಿಷು ಮತ್ತು ನಮ್ಮ ಸಂಕೋಚ

(ಶತಮಾನೋತ್ಸವದ ಅಂಗವಾಗಿ ಧರ್ಮಕೇಂದ್ರದ ಸಭಾಂಗಣದಲ್ಲಿ ಏರ್ಪಡಿಸಲಾದ ಸಂಜೆಯ ಇಂಗ್ಲಿಷ್ ತರಗತಿಗಳ ಪ್ರಾರಂಭದಂದು ವಿಚಾರಣಾ ಗುರುಗಳು ಮಾಡಿದ ಭಾಷಣದ ಪೂರ್ಣಪಾಠ)



ನಮ್ಮ ದೇವಾಲಯಕ್ಕೆ ನೂರು ವರ್ಷ ತುಂಬಿದ ಈ ಸಂಭ್ರಮದಲ್ಲಿ ಗಂಟೆಗೋಪುರವು ಸುಣ್ಣಬಣ್ಣ ಕಂಡಿದೆ, ಪೀಠಕ್ಕೆ ಹೊಸ ವಸ್ತ್ರ ಬಂದಿದೆ, ಸ್ಮರಣ ಸಂಚಿಕೆಯು ಅಚ್ಚಿಗೆ ಸಿದ್ಧವಾಗುತ್ತಲಿದೆ. ಇವೆಲ್ಲವುಗಳ ನಡುವೆ ಯುವಜನರ ಸಂಘದವರು ನಮ್ಮ ಬಳಿಗೆ ಬಂದು, "ಸ್ವಾಮಿ, ಇಂಗ್ಲಿಷಿನಲ್ಲಿ ನಾಲ್ಕು ಮಾತನ್ನು ಹೆದರದೆ ಆಡುವುದನ್ನು ನಮಗೆ ಕಲಿಸುವ ಏರ್ಪಾಡು ಮಾಡಿಕೊಡಿ" ಎಂದು ಕೇಳಿಕೊಂಡರು. ಅದೇ ವಾರ ಹಿರಿಯರೊಬ್ಬರು, "ಸ್ವಾಮಿ, ದೇವಾಲಯದ ಪಕ್ಕದಲ್ಲಿ ಇಂಗ್ಲಿಷ್ ಮಠ ಏತಕ್ಕೆ? ಮಕ್ಕಳ ಬಾಯಲ್ಲಿ ಉಳಿದಿರುವ ಅಷ್ಟಿಷ್ಟು ಕನ್ನಡವೂ ಜಾರಿಹೋದೀತು" ಎಂದರು. ಎರಡು ಮಾತೂ ನಮ್ಮ ಮನಸ್ಸಿಗೆ ತಟ್ಟಿದವು. ಎರಡಕ್ಕೂ ಇಂದು ಉತ್ತರ ಹೇಳಲು ಪ್ರಯತ್ನಿಸುತ್ತೇವೆ.

ಅದಕ್ಕೆ ಮೊದಲು, ನಿಮ್ಮ ಪಾಪನಿವೇದನೆಯನ್ನು ಕೇಳುವ ನಾವು ನಿಮ್ಮೆದುರಿಗೆ ಒಂದು ತಪ್ಪನ್ನು ನಿವೇದಿಸಿಕೊಳ್ಳಬೇಕಾಗಿದೆ. ಹಲವು ವರ್ಷಗಳ ಹಿಂದೆ ನಾವು ಬೇರೊಂದು ಊರಿನಲ್ಲಿ ಸೇವೆಯಲ್ಲಿದ್ದೆವು. ದೂರದಿಂದ ಅತಿಥಿಗಳು ಬಂದಿದ್ದ ಕಾರಣ ಒಂದು ಭಾನುವಾರದ ಬಲಿಪೂಜೆಯನ್ನು ಇಂಗ್ಲಿಷಿನಲ್ಲಿ ಅರ್ಪಿಸಲಾಯಿತು. ಕೀರ್ತನೆಯನ್ನು ಓದಲು ಹೈಸ್ಕೂಲು ಹುಡುಗನೊಬ್ಬನನ್ನು ನಾವೇ ಆರಿಸಿದ್ದೆವು. ಆ ಊರಿನಲ್ಲಿ ಅವನಷ್ಟು ಸ್ಪಷ್ಟವಾಗಿ ಕನ್ನಡ ವಾಚನ ಮಾಡುವವರು ಇನ್ನೊಬ್ಬರಿರಲಿಲ್ಲ. ಇಂಗ್ಲಿಷಿನಲ್ಲಿ ಕೀರ್ತನೆ ಎಂಬುದಕ್ಕೆ ಬರೆಯುವ ಅಕ್ಷರಗಳು ಪಿ, ಎಸ್, ಎ, ಎಲ್, ಎಂ. ಉಚ್ಚರಿಸುವುದು 'ಸಾಮ್' ಎಂದು. ಹುಡುಗನು ಯಾವ ಅಕ್ಷರಕ್ಕೂ ಅನ್ಯಾಯ ಮಾಡದೆ 'ಪಸಾಲಮ್' ಎಂದು ಓದಿದನು. ಮುಂದಿನ ಬೆಂಚುಗಳಲ್ಲಿ ನಗೆ ಎದ್ದಿತು. ಪೀಠದ ಬಳಿ ಕುಳಿತಿದ್ದ ನಾವೂ ನಕ್ಕೆವು. ಅವನು ತಲೆಯೆತ್ತಿ ಮೊದಲು ನೋಡಿದ್ದು ನಮ್ಮ ಮುಖವನ್ನೇ.

ಅವನು ಓದು ಮುಗಿಸಿ ಇಳಿದುಹೋದನು. ಆ ದಿನದಿಂದ ಇಂಗ್ಲಿಷ್ ವಾಚನಕ್ಕೆ ಮಾತ್ರವಲ್ಲ, ಕನ್ನಡ ವಾಚನಕ್ಕೂ ಅವನು ಬರಲಿಲ್ಲ. ಅವನ ಮನೆಗೆ ಹೋಗಿ ಕ್ಷಮೆ ಕೇಳಬೇಕೆಂದು ಎರಡು ಮೂರು ಬಾರಿ ಅಂದುಕೊಂಡೆವು. ಗುರುಗಳು ಹುಡುಗನಲ್ಲಿ ಕ್ಷಮೆ ಕೇಳುವುದೇ ಎಂಬ ಬಿಗುಮಾನ ಅಡ್ಡ ಬಂದಿತು. ಅಷ್ಟರಲ್ಲಿ ನಮಗೆ ವರ್ಗವಾಯಿತು. ಇಂದು ಅವನು ಎಲ್ಲಿರುವನೋ ತಿಳಿಯದು. ಈ ತರಗತಿಗಳನ್ನು ಪ್ರಾರಂಭಿಸಲು ನಾವು ಕೂಡಲೇ ಒಪ್ಪಿದ್ದಕ್ಕೆ ಆ ಹುಡುಗನೇ ಕಾರಣ.

ನಗಲು ನಮಗಾದರೂ ಯಾವ ಅಧಿಕಾರವಿತ್ತು? ಹಳ್ಳಿಯ ಕನ್ನಡ ಶಾಲೆಯಲ್ಲಿ ಕಲಿತು ಬೆಂಗಳೂರಿನ ಗುರುಮಠಕ್ಕೆ ಸೇರಿದಾಗ ಅಲ್ಲಿಯ ಪಾಠಗಳೆಲ್ಲವೂ ಇಂಗ್ಲಿಷಿನಲ್ಲಿದ್ದವು. ಇಂಗ್ಲಿಷ್ ಪರೀಕ್ಷೆಯಲ್ಲಿ ನಮಗೆ ಒಳ್ಳೆಯ ಅಂಕಗಳೇ ಬಂದಿದ್ದವು. ಕರ್ತರಿ ಪ್ರಯೋಗವನ್ನು ಕರ್ಮಣಿಗೆ ತಿರುಗಿಸಲು ಬರುತ್ತಿತ್ತು. ಇನ್ನೊಂದು ತುಂಡು ರೊಟ್ಟಿ ಬೇಕೆಂದು ಕೇಳಲು ಬರುತ್ತಿರಲಿಲ್ಲ. ಮೊದಲ ಆರು ತಿಂಗಳು 'ಯೆಸ್ ಫಾದರ್' ಎಂಬ ಎರಡೇ ಪದಗಳಲ್ಲಿ ದಿನ ದೂಡಿದೆವು. ಒಂದು ಬೆಳಿಗ್ಗೆ ಉಪಾಹಾರಕ್ಕೆ ತಡವಾಗಿ ಬಂದ ನಮ್ಮನ್ನು ಕಂಡು ಹಿರಿಯ ಗುರುಗಳೊಬ್ಬರು, ಇನ್ನೂ ತಿಂಡಿ ತಿಂದಿಲ್ಲವೇ ಎಂದು ಇಂಗ್ಲಿಷಿನಲ್ಲಿ ವಿಚಾರಿಸಿದರು. 'ಹೌದು, ತಿಂದಿಲ್ಲ' ಎಂಬರ್ಥದಲ್ಲಿ ನಾವು 'ಯೆಸ್ ಫಾದರ್' ಎಂದೆವು. ತಿಂದಾಗಿದೆ ಎಂದು ತಿಳಿದು ಅವರು ಸಂತೋಷದಿಂದ ಹೊರಟುಹೋದರು. ಮಧ್ಯಾಹ್ನದ ಗಂಟೆಯವರೆಗೆ ನಾವು ಉಪವಾಸವಿದ್ದೆವು.

ಇದು ನಗುವ ಮಾತೇ ಹೌದು. ಆದರೆ ಇದರ ಮೂಲ ಭಾಷೆಯ ಕಟ್ಟಿನಲ್ಲಿಯೇ ಇದೆ. "ಊಟ ಮಾಡಲಿಲ್ಲವೇ?" ಎಂದರೆ ಕನ್ನಡಿಗನು, "ಹೌದು, ಮಾಡಲಿಲ್ಲ" ಎನ್ನುತ್ತಾನೆ, ಕೇಳಿದವರ ಊಹೆ ಸರಿ ಎಂಬುದು ಅವನ 'ಹೌದಿ'ನ ಅರ್ಥ. ಇಂಗ್ಲಿಷಿನವನು ಅದೇ ಪ್ರಶ್ನೆಗೆ 'ನೋ' ಎನ್ನುತ್ತಾನೆ. ಊಟ ನಡೆಯಲಿಲ್ಲ ಎಂಬುದು ಅವನ 'ನೋ'ವಿನ ಅರ್ಥ. ನಮ್ಮ ಧರ್ಮಕೇಂದ್ರದ ಮಗಳೊಬ್ಬಳು ಕೊಲ್ಲಿ ರಾಷ್ಟ್ರದ ಆಸ್ಪತ್ರೆಯೊಂದರಲ್ಲಿ ದಾದಿಯಾಗಿ ಸೇರಿದ ಹೊಸತರಲ್ಲಿ, ರೋಗಿಗೆ ಚುಚ್ಚುಮದ್ದು ಇನ್ನೂ ಕೊಟ್ಟಿಲ್ಲವೇ ಎಂದು ವೈದ್ಯರು ಟೆಲಿಫೋನಿನಲ್ಲಿ ಕೇಳಿದರಂತೆ. ಕೊಟ್ಟಿರಲಿಲ್ಲ. ಅವಳು 'ಯೆಸ್ ಡಾಕ್ಟರ್' ಎಂದಳು. ಕೊಟ್ಟಾಯಿತೆಂದು ಅವರು ತಿಳಿದರು. ಜೊತೆಯ ದಾದಿಯು ಹಾಳೆಯನ್ನು ನೋಡಿ ಕೇಳದೆ ಹೋಗಿದ್ದರೆ ಏನಾಗುತ್ತಿತ್ತೋ ಎಂದು ರಜೆಯಲ್ಲಿ ಬಂದಾಗ ಅವಳು ಕಣ್ಣೀರಿಡುತ್ತ ಹೇಳಿದಳು. ಆದಕಾರಣ ಈ ತರಗತಿಯ ಮೊದಲ ಪಾಠ ಇದೇ ಆಗಲಿ: ಇಂಥ ಪ್ರಶ್ನೆಗೆ ಬರಿಯ 'ಯೆಸ್', ಬರಿಯ 'ನೋ' ಹೇಳದೆ ವಾಕ್ಯವನ್ನು ಪೂರ್ತಿಯಾಗಿ ಹೇಳಿರಿ. 'ಐ ಹ್ಯಾವ್ ನಾಟ್ ಗಿವನ್ ಇಟ್' ಎಂದರೆ ಯಾವ ದೇಶದಲ್ಲಿಯೂ ಸಂಶಯವಿಲ್ಲ.

ಗುರುಮಠದಲ್ಲಿ ನಮ್ಮ ನಾಲಿಗೆಯ ಕಟ್ಟು ಬಿಚ್ಚಿದವರು ಅಡುಗೆಯವರು. 1809ರಿಂದ ದಂಡಿನ ಊರಾಗಿ ಬೆಳೆದ ಬೆಂಗಳೂರು ಕಂಟೋನ್ಮೆಂಟಿನಲ್ಲಿ ಶಾಲೆಯ ಮೆಟ್ಟಿಲು ಹತ್ತದೆಯೇ ಇಂಗ್ಲಿಷ್ ಆಡುವ ಜನ ಬಹಳ. ಇವರೂ ಸೈನ್ಯದ ಅಡುಗೆಮನೆಯಲ್ಲಿ ದುಡಿದು ಬಂದವರು. "ಟುಡೇ ನೋ ಬೀನ್ಸ್ ಫಾದರ್, ಟುಮಾರೋ ಬೀನ್ಸ್" ಎನ್ನುವರು. ಕ್ರಿಯಾಪದವಿಲ್ಲ, ವ್ಯಾಕರಣವಿಲ್ಲ, ಆದರೂ ಅವರ ಮಾತು ಯಾರಿಗೂ ಅರ್ಥವಾಗದೆ ಉಳಿದದ್ದನ್ನು ನಾವು ಕಾಣೆವು. ತರಕಾರಿ ಹೆಚ್ಚುವಾಗ ಅವರ ಪಕ್ಕದಲ್ಲಿ ಕುಳಿತು ನಾವು ಆಡಿದ ತಪ್ಪು ಇಂಗ್ಲಿಷಿಗೆ ಲೆಕ್ಕವಿಲ್ಲ. ಅವರೆಂದೂ ನಗಲಿಲ್ಲ. ವ್ಯಾಕರಣವನ್ನು ತರಗತಿಯಲ್ಲಿ ಪಡೆದೆವು. ಧೈರ್ಯವನ್ನು ಅಡುಗೆಮನೆಯಲ್ಲಿ ಪಡೆದೆವು. ಎರಡೂ ಬೇಕು, ಆದರೆ ಧೈರ್ಯ ಮೊದಲು ಬೇಕು.

ಇದನ್ನು ನಮ್ಮ ಪೂರ್ವಿಕರು ಬಲ್ಲರು. 17ನೆಯ ಶತಮಾನದ ಮಧ್ಯದಲ್ಲಿ ಇಟಲಿಯಿಂದ ಬಂದ ಯೇಸುಸಭೆಯ ಲಿಯೋನಾರ್ಡೊ ಚಿನ್ನಾಮಿಯವರು ಶ್ರೀರಂಗಪಟ್ಟಣದಲ್ಲಿ ಕನ್ನಡ ಕಲಿತು ಕನ್ನಡದಲ್ಲಿ ಗ್ರಂಥರಚನೆ ಮಾಡಿದರು. 1792ರಲ್ಲಿ ಭಾರತಕ್ಕೆ ಬಂದ ಫ್ರಾನ್ಸಿನ ಅಬ್ಬೆ ದುಬುವಾ ಅವರು 1799ರ ನಂತರ ಮೈಸೂರು ಸೀಮೆಯಲ್ಲಿ ನೆಲೆಸಿ, ಇಲ್ಲಿಯ ಜನರ ಉಡುಗೆ ತೊಟ್ಟು, ಆಹಾರ ಪದ್ಧತಿಯನ್ನು ಅನುಸರಿಸಿ, 1823ರವರೆಗೆ ಜನರೊಡನೆ ಬಾಳಿದರು. ಮೈಸೂರು ಮಿಶನ್ನಿನ ಫ್ರೆಂಚ್ ಗುರುಗಳು ಸಿದ್ಧಪಡಿಸಿದ ಕನ್ನಡ-ಲ್ಯಾಟಿನ್ ನಿಘಂಟು 1855ರಲ್ಲಿಯೂ ಲ್ಯಾಟಿನ್-ಕನ್ನಡ ನಿಘಂಟು 1861ರಲ್ಲಿಯೂ ಬೆಂಗಳೂರಿನಲ್ಲಿ ಅಚ್ಚಾದವು. ಬಾಸೆಲ್ ಮಿಶನ್ನಿನ ಕಿಟ್ಟೆಲ್ ಅವರ ಮಹಾನಿಘಂಟು 1894ರಲ್ಲಿ ಮಂಗಳೂರಿನಿಂದ ಹೊರಬಂದುದನ್ನು ಕನ್ನಡಿಗರೆಲ್ಲರೂ ಬಲ್ಲರು. ಇವರೆಲ್ಲರೂ ನಿಘಂಟಿನಿಂದ ಪ್ರಾರಂಭಿಸಲಿಲ್ಲ, ತೊದಲಿನಿಂದ ಪ್ರಾರಂಭಿಸಿದರು. ಲಕಾರ ಳಕಾರಗಳ ಭೇದವರಿಯದ ನಾಲಿಗೆಯು ಹಾಲನ್ನು 'ಹಾಳು' ಎಂದಿರಬೇಕು, ಕೊಳೆಯನ್ನು 'ಕೊಲೆ' ಎಂದಿರಬೇಕು. ಅಂದಿನ ಹಳ್ಳಿಯ ಜನ ಅವರನ್ನು ನಗೆಗೀಡುಮಾಡಿ ಓಡಿಸಿದ್ದರೆ ಆ ನಿಘಂಟುಗಳು ಎಲ್ಲಿಂದ ಬರುತ್ತಿದ್ದವು? ಯಾರೋ ಉಪದೇಶಿ, ಯಾರೋ ರೈತ, ಯಾರೋ ಅಜ್ಜಿ, "ಹಾಗಲ್ಲ ಸ್ವಾಮಿ, ಹೀಗೆ" ಎಂದು ತಿದ್ದಿರಬೇಕು. ಅಂಥ ತಾಳ್ಮೆಯನ್ನು ನಮ್ಮ ಸ್ವಂತ ಮಕ್ಕಳಿಗೆ ತೋರಿಸಲು ನಾವು ಏಕೆ ಹಿಂಜರಿಯಬೇಕು?

ಇನ್ನು ಇಂಗ್ಲಿಷಿನ ಸ್ವಭಾವವನ್ನು ಕುರಿತು ಕೆಲವು ಮಾತು. ಅದು ನಮಗೆ ಎಲ್ಲಿ ಕಠಿಣ, ಎಲ್ಲಿ ಸುಲಭ ಎಂಬುದನ್ನು ಅರಿತರೆ ಅರ್ಧ ಭಯ ಹೋಗುತ್ತದೆ.

ಮೊದಲನೆಯದು ಬರಹ. ಕನ್ನಡವನ್ನು ಬರೆದಂತೆ ಓದುತ್ತೇವೆ. ಇಂಗ್ಲಿಷಿನಲ್ಲಿ ಇರುವ 26 ಅಕ್ಷರಗಳು 40ಕ್ಕೂ ಹೆಚ್ಚು ಧ್ವನಿಗಳ ಭಾರ ಹೊರಬೇಕು. 'ಓ, ಯು, ಜಿ, ಎಚ್' ಎಂಬ ನಾಲ್ಕೇ ಅಕ್ಷರಗಳಿಂದ ಮುಗಿಯುವ ಪದಗಳನ್ನು ನೋಡಿರಿ: ಒಂದು 'ದೋ', ಒಂದು 'ಥ್ರೂ', ಒಂದು 'ಟಫ್', ಇನ್ನೊಂದು 'ಕಾಫ್'. ಇದರಲ್ಲಿ ಎಡವುವವನು ದಡ್ಡನಲ್ಲ, ಕನ್ನಡದ ಪ್ರಾಮಾಣಿಕತೆಗೆ ಒಗ್ಗಿದವನು. ಆ ಹುಡುಗನ 'ಪಸಾಲಮ್' ಇಂಥದೇ. ಆದ್ದರಿಂದ ಹೊಸ ಪದವನ್ನು ಕಣ್ಣಿನಿಂದ ಕಲಿಯುವ ಮೊದಲು ಕಿವಿಯಿಂದ ಕಲಿಯಿರಿ. ನಮ್ಮ ಕಾಲದಲ್ಲಿ ಆಕಾಶವಾಣಿಯ ಇಂಗ್ಲಿಷ್ ವಾರ್ತೆಯೊಂದೇ ಗತಿ. ಇಂದು ನಿಮ್ಮ ಜೇಬಿನ ಮೊಬೈಲಿನಲ್ಲಿರುವ ನಿಘಂಟು ಪದವನ್ನು ಉಚ್ಚರಿಸಿಯೇ ತೋರಿಸುತ್ತದೆ.

ಎರಡನೆಯದು ಉಚ್ಚಾರಣೆ. ನಮ್ಮ ಪದಗಳು ಸ್ವರದಿಂದ ಮುಗಿಯುವುದರಿಂದ ಬಸ್ ನಮಗೆ 'ಬಸ್ಸು', ಬ್ಯಾಂಕ್ ನಮಗೆ 'ಬ್ಯಾಂಕು'. ಎಮ್ಮೆಯನ್ನು 'ಯೆಮ್ಮೆ', ಒಲೆಯನ್ನು 'ವೊಲೆ' ಎನ್ನುವ ಬಾಯಿ ಮೊಟ್ಟೆಯನ್ನು 'ಯೆಗ್ಗು' ಎನ್ನುತ್ತದೆ. ಕನ್ನಡದೊಳಗೆ ಆಡುವಾಗ ಇದರಲ್ಲಿ ತಪ್ಪೇನಿಲ್ಲ. ಪೋರ್ಚುಗೀಸರಿಂದ ಬಂದ ಪಾದ್ರಿ, ಇಗರ್ಜಿ, ಚಾವಿ, ಅಲಮಾರುಗಳನ್ನು ನಮ್ಮವನ್ನಾಗಿ ಮಾಡಿಕೊಂಡಿಲ್ಲವೇ? ಇಂಗ್ಲಿಷ್ ಆಡುವಾಗ ಮಾತ್ರ ಕೊನೆಯ ಉಕಾರವನ್ನು ಬಿಡುವ ಅಭ್ಯಾಸವಿರಲಿ. ಲಂಡನ್ನಿನವರಂತೆ ಉಚ್ಚರಿಸಬೇಕೆಂಬ ಹಟ ಬೇಡ. ಕೇಳಿದವರಿಗೆ ತಿಳಿದರೆ ಸಾಕು.

ಮೂರನೆಯದು ವಾಕ್ಯದ ಕಟ್ಟು. ಕನ್ನಡದಲ್ಲಿ ಹಸಿವು 'ನನಗೆ' ಆಗುತ್ತದೆ, ವಿಷಯ 'ನನಗೆ' ಗೊತ್ತಿರುತ್ತದೆ, ನೀರು 'ನನಗೆ' ಬೇಕಾಗುತ್ತದೆ. ಇಂಗ್ಲಿಷಿನಲ್ಲಿ ಈ ಮೂರೂ ಕಡೆ 'ಐ' ಎಂದೇ ಪ್ರಾರಂಭ: 'ಐ ಆಮ್ ಹಂಗ್ರಿ', 'ಐ ನೋ', 'ಐ ವಾಂಟ್'. ಇದನ್ನು ಪದಕ್ಕೆ ಪದ ತಿರುಗಿಸಹೊರಟರೆ ಕೆಲಸ ಕೆಡುತ್ತದೆ. ಆದರೆ ಸಮಾಧಾನದ ಮಾತೂ ಉಂಟು. ಹೋಗುತ್ತೇನೆ, ಹೋಗುತ್ತೀಯೆ, ಹೋಗುತ್ತಾನೆ, ಹೋಗುತ್ತಾಳೆ, ಹೋಗುತ್ತದೆ, ಹೋಗುತ್ತಾರೆ ಎಂಬ ರೂಪಗಳನ್ನು ತಾಯಿಯ ಮಡಿಲಲ್ಲಿ ಕಲಿತವರು ನಾವು. ಇಂಗ್ಲಿಷಿನಲ್ಲಿ ಇಷ್ಟಕ್ಕೂ 'ಗೋ' ಮತ್ತು 'ಗೋಸ್' ಎಂಬ ಎರಡೇ ರೂಪಗಳು. ಚಿನ್ನಾಮಿಯವರಿಗೆ ಹೋಲಿಸಿದರೆ ನಮ್ಮ ದಾರಿ ಹಗುರ.

ನಾಲ್ಕನೆಯದು ಮರ್ಯಾದೆ. ಇದನ್ನು ವಿಶೇಷವಾಗಿ ಗಮನಿಸಬೇಕು. "ನೀರು ಕೊಡಿ" ಎನ್ನುವಾಗ ನಮ್ಮ ಗೌರವವೆಲ್ಲ 'ಕೊಡಿ' ಎಂಬುದರ ಕೊನೆಯ ಇಕಾರದಲ್ಲಿ ಅಡಗಿದೆ. ಅದನ್ನು 'ಗಿವ್ ವಾಟರ್' ಎಂದು ತಿರುಗಿಸಿದೊಡನೆ ಆ ಇಕಾರ ದಾರಿಯಲ್ಲಿ ಬಿದ್ದುಹೋಗುತ್ತದೆ; ಕೇಳುವವನಿಗೆ ಅಪ್ಪಣೆಯಂತೆ ಕಾಣುತ್ತದೆ. ನೀನು, ನೀವು ಎಂಬ ಭೇದವೂ ಅಲ್ಲಿಲ್ಲ. ಇರುವುದು ಒಂದೇ 'ಯೂ'. ಆದಕಾರಣ 'ಪ್ಲೀಸ್', 'ಕುಡ್ ಯೂ', 'ಥ್ಯಾಂಕ್ ಯೂ', 'ಸಾರಿ' ಎಂಬ ಪದಗಳು ಅವರಿಗೆ ಅಲಂಕಾರವಲ್ಲ, ನಮ್ಮ ಬಹುವಚನದ ಸ್ಥಾನದಲ್ಲಿರುವಂಥವು. ಮನೆಯಲ್ಲಿ ತಾಯಿ ಅನ್ನ ಬಡಿಸಿದರೆ ಧನ್ಯವಾದ ಹೇಳುವ ವಾಡಿಕೆ ನಮ್ಮಲ್ಲಿಲ್ಲ, ಹೇಳಿದರೆ ಅವಳೇ ಗಾಬರಿಯಾದಾಳು. ಪರನಾಡಿನಲ್ಲಿ ಹೇಳದಿದ್ದರೆ ಒರಟನೆನಿಸುತ್ತೇವೆ. ಹೊರಡುವಾಗ 'ಬರುತ್ತೇನೆ' ಎನ್ನುವ ನಮ್ಮ ಶುಭನುಡಿಯನ್ನು 'ಐ ವಿಲ್ ಕಮ್' ಎಂದು ತಿರುಗಿಸಿದರೆ ಪಾಪ, ಅವರು ಕಾಯುತ್ತ ಕುಳಿತಾರು! ಸಭ್ಯರಾದ ನಮ್ಮ ಎಷ್ಟೋ ಮಕ್ಕಳು ಹೊರಗಡೆ ಒರಟರೆನಿಸಿಕೊಳ್ಳಲು ಇದೊಂದೇ ಕಾರಣ.

ಹಾಗಾದರೆ ಅಭ್ಯಾಸ ಮಾಡುವ ಬಗೆ ಯಾವುದು? ರಾಜ್ಯದ ಸರ್ಕಾರಿ ಶಾಲೆಗಳಲ್ಲಿ 2007ರಿಂದ ಒಂದನೆಯ ತರಗತಿಯಿಂದಲೇ ಇಂಗ್ಲಿಷನ್ನು ಒಂದು ವಿಷಯವಾಗಿ ಕಲಿಸಲಾಗುತ್ತಿದೆ. ಆದರೂ ಪರೀಕ್ಷೆಯಲ್ಲಿ ತೇರ್ಗಡೆಯಾದ ಮಕ್ಕಳು ಬಾಯಿ ತೆರೆಯಲು ಅಂಜುತ್ತಾರೆ. ಕಾರಣ, ಉತ್ತರವನ್ನು ಬರೆದಿದ್ದಾರೆ, ಆಡಿಲ್ಲ. ಈಜುವ ವಿಧಾನವನ್ನು ಕಂಠಪಾಠ ಮಾಡಿ ಕೆರೆಗೆ ಇಳಿಯದಿದ್ದರೆ ಹೇಗೋ ಹಾಗೆ.

ಬಹಳ ಪದಗಳು ಬೇಕೆಂದು ಅಂಜಬೇಡಿರಿ. ಢಾಕಾದ ಶಿಕ್ಷಕರ ತರಬೇತಿ ಕಾಲೇಜಿನಲ್ಲಿ ದುಡಿದ ಮೈಕೇಲ್ ವೆಸ್ಟ್ ಎಂಬವರು ಬಂಗಾಳದ ಮಕ್ಕಳ ಕಷ್ಟವನ್ನು ಕಣ್ಣಾರೆ ಕಂಡು, ಹೆಚ್ಚು ಬಳಕೆಯಲ್ಲಿರುವ ಪದಗಳನ್ನು ಮೊದಲು ಕಲಿಸಬೇಕೆಂದು ಪ್ರತಿಪಾದಿಸಿದರು. 1953ರಲ್ಲಿ ಅವರು ಪ್ರಕಟಿಸಿದ ಪಟ್ಟಿಯಲ್ಲಿ ಇರುವುದು ಸುಮಾರು 2000 ಪದಗಳು. ದಿನಕ್ಕೆ ಐದು ಪದಗಳಂತೆ ಕಲಿತರೆ ಸುಮಾರು ಒಂದು ವರ್ಷ ಒಂದು ತಿಂಗಳಿನಲ್ಲಿ ಅಷ್ಟು ಪದಗಳು ನಮ್ಮವಾಗುತ್ತವೆ.

ಆದರೆ ಬಿಡಿ ಪದಗಳನ್ನು ಕೂಡಿಡಬೇಡಿರಿ; ಸಂದರ್ಭಕ್ಕೆ ತಕ್ಕ ಇಡೀ ವಾಕ್ಯಗಳನ್ನೇ ಕಲಿಯಿರಿ. ಚಿಕ್ಕಂದಿನಲ್ಲಿ ಅಜ್ಜಿಯ ಪಕ್ಕದಲ್ಲಿ ಮಂಡಿಯೂರಿ ಜಪಸರದ ಪ್ರಾರ್ಥನೆಗಳನ್ನು ಹೇಗೆ ಕಲಿತೆವು? ಯಾರೂ ಪದವಿಂಗಡಣೆ ಮಾಡಿಕೊಡಲಿಲ್ಲ. ದಿನವೂ ಗಟ್ಟಿಯಾಗಿ, ಇತರರೊಡನೆ ದನಿಗೂಡಿಸಿ ಹೇಳಿದೆವು. ಅರ್ಥವು ನಿಧಾನವಾಗಿ ಹಿಂದಿನಿಂದ ಬಂದಿತು. ನುಡಿಯನ್ನು ಕಲಿಯುವ ಕ್ರಮವೂ ಇದೇ. ಪ್ರತಿದಿನ ಕಾಲು ಗಂಟೆ ಗಟ್ಟಿಯಾಗಿ ಓದಿರಿ. ವಾರಕ್ಕೊಮ್ಮೆ ಎರಡು ಗಂಟೆ ಓದುವುದಕ್ಕಿಂತ ಇದು ಮೇಲು.

ಈ ಸಭಾಂಗಣದಲ್ಲಿ ಇಬ್ಬಿಬ್ಬರಾಗಿ ಕುಳಿತು, ಒಬ್ಬರು ಬ್ಯಾಂಕಿನ ಗುಮಾಸ್ತೆಯಾಗಿ, ಇನ್ನೊಬ್ಬರು ಹಣ ಕಟ್ಟುವವರಾಗಿ ಮಾತನಾಡಿರಿ. ಒಂದು ದಿನ ಆಸ್ಪತ್ರೆ, ಒಂದು ದಿನ ರೈಲು ನಿಲ್ದಾಣ, ಒಂದು ದಿನ ಕೆಲಸದ ಸಂದರ್ಶನ. ಅರ್ಜಿ ತುಂಬುವುದನ್ನೂ ಅಭ್ಯಾಸ ಮಾಡಿರಿ. ಹೆಸರಿನ ಹಿಂದೆ ತಂದೆಯ ಮತ್ತು ಊರಿನ ಇನಿಷಿಯಲ್ಲುಗಳನ್ನು ಮಾತ್ರ ಇಟ್ಟುಕೊಂಡ ನಮ್ಮವರಿಗೆ 'ಸರ್‌ನೇಮ್' ಎಂಬ ಖಾನೆಯೊಂದೇ ಅರ್ಧ ದಿನದ ತೊಂದರೆ ಕೊಡುತ್ತದೆ. ಮುಖ್ಯವಾಗಿ, 'ಪ್ಲೀಸ್ ಸೇ ದಟ್ ಅಗೇನ್, ಸ್ಲೋಲಿ' ಎಂಬ ವಾಕ್ಯವನ್ನು ಮೊದಲ ದಿನವೇ ಬಾಯಿಪಾಠ ಮಾಡಿರಿ. ತಿಳಿಯದಿದ್ದಾಗ ತಲೆಯಾಡಿಸುವುದಕ್ಕಿಂತ ಇನ್ನೊಮ್ಮೆ ಕೇಳುವುದು ಗೌರವದ ಕೆಲಸ.

ಈಗ ಹಿರಿಯರ ಆತಂಕಕ್ಕೆ ಬರೋಣ. ಇಂಗ್ಲಿಷು ಕನ್ನಡವನ್ನು ನುಂಗಲೇಬೇಕೆಂದಿಲ್ಲ. ಹೊಸಗನ್ನಡ ಕಾವ್ಯಕ್ಕೆ ದಾರಿ ತೆರೆದ ಬಿ. ಎಂ. ಶ್ರೀಕಂಠಯ್ಯನವರು ಇಂಗ್ಲಿಷ್ ಅಧ್ಯಾಪಕರು. ವಿ. ಕೃ. ಗೋಕಾಕರು, ಗೋಪಾಲಕೃಷ್ಣ ಅಡಿಗರು, ಯು. ಆರ್. ಅನಂತಮೂರ್ತಿಯವರು, ಎಲ್ಲರೂ ತರಗತಿಯಲ್ಲಿ ಇಂಗ್ಲಿಷ್ ಕಲಿಸಿ ಕನ್ನಡದಲ್ಲಿ ಬರೆದವರು. ಇವರಲ್ಲಿ ಗೋಕಾಕರೂ ಅನಂತಮೂರ್ತಿಯವರೂ ಜ್ಞಾನಪೀಠ ಪ್ರಶಸ್ತಿಗೆ ಪಾತ್ರರಾದರು. ಕನ್ನಡದಲ್ಲಿ ಗಟ್ಟಿಯಾಗಿ ನಿಂತವನಿಗೆ ಎರಡನೆಯ ನುಡಿ ಇನ್ನೊಂದು ಕಿಟಕಿ. ನಿಲ್ಲಲು ನೆಲವೇ ಇಲ್ಲದವನಿಗೆ ಕಿಟಕಿಯಿಂದ ಏನು ಪ್ರಯೋಜನ?

ಆದರೂ ಹಿರಿಯರು ಅಂಜಿದ್ದು ನಿಷ್ಕಾರಣವಲ್ಲ. ಎಪ್ಪತ್ತು ದಾಟಿದ ನಮ್ಮ ಧರ್ಮಕೇಂದ್ರದ ಅಜ್ಜಿಯೊಬ್ಬರು ಈ ತರಗತಿಗೆ ಹೆಸರು ಕೊಟ್ಟಿದ್ದಾರೆ. ಏಕೆಂದು ಕೇಳಿದೆವು. ಅವರ ಮೊಮ್ಮಗ ಹುಟ್ಟಿ ಬೆಳೆದದ್ದು ಪರದೇಶದಲ್ಲಿ. ಅವನಿಗೆ ಕನ್ನಡ ಬಾರದು. ಮೊಬೈಲಿನಲ್ಲಿ ಮುಖ ಕಾಣುತ್ತದೆ, ಮಾತಿಲ್ಲ. "ಊಟ ಆಯಿತೇ ಅಂತ ಕೇಳುವಷ್ಟು ಬಂದರೆ ಸಾಕು ಸ್ವಾಮಿ" ಎಂದರು. ಅಜ್ಜಿ ಇಂಗ್ಲಿಷ್ ಕಲಿಯಲು ಮುಂದಾದುದು ನಮಗೆ ಸಂತೋಷ ತಂದಿತು. ಕಲಿಯಬೇಕಾಗಿ ಬಂದುದು ನೋವು ತಂದಿತು. ಆ ಮಗುವಿಗೆ ಕನ್ನಡದ ನಾಲ್ಕು ಮಾತು ಕಲಿಸುವುದು ತಂದೆತಾಯಿಯರಿಗೆ ಅಸಾಧ್ಯವಾಗಿತ್ತೇ? ಪರದೇಶದಲ್ಲಿರುವ ನಮ್ಮ ಮಕ್ಕಳು ಈ ಸಂಚಿಕೆಯನ್ನು ಓದಿದರೆ ಈ ಪ್ರಶ್ನೆಯನ್ನು ತಮಗೇ ಕೇಳಿಕೊಳ್ಳಲಿ. ಇಲ್ಲಿರುವವರೂ ಮನೆಯೊಳಗೆ ಮಕ್ಕಳೊಡನೆ ಅರೆಬರೆ ಇಂಗ್ಲಿಷ್ ಆಡುವುದನ್ನು ಬಿಡಲಿ. ಮನೆಯಲ್ಲಿ ಕನ್ನಡ, ಈ ತರಗತಿಯಲ್ಲಿ ಇಂಗ್ಲಿಷು. ಎರಡನ್ನೂ ಕಲಸಿ ಎರಡೂ ಅಲ್ಲದ್ದನ್ನು ಮಾಡಬೇಡಿರಿ.

ಪವಿತ್ರ ಧರ್ಮಸಭೆಯೂ ಇದೇ ಪಾಠವನ್ನು ಕಲಿತಿದೆ. 1963ರ ಡಿಸೆಂಬರ್ 4ರಂದು ಎರಡನೆಯ ವ್ಯಾಟಿಕನ್ ಮಹಾಸಭೆಯು ದೈವಾರಾಧನೆಯಲ್ಲಿ ಜನರ ಭಾಷೆಗೆ ಬಾಗಿಲು ತೆರೆಯಿತು. ಅಲ್ಲಿಯವರೆಗೆ ಲ್ಯಾಟಿನ್ನಿನಲ್ಲಿ ಕೇಳುತ್ತಿದ್ದ ಬಲಿಪೂಜೆಯನ್ನು ನಮ್ಮ ತಂದೆತಾಯಿಯರು ಕನ್ನಡದಲ್ಲಿ ಕೇಳುವಂತಾಯಿತು. ಪೆಂತೆಕೋಸ್ತಿನ ದಿನದಂದು ಜೆರುಸಲೇಮಿನಲ್ಲಿ ನೆರೆದಿದ್ದವರು ತಂತಮ್ಮ ಭಾಷೆಯಲ್ಲಿಯೇ ಸಂದೇಶವನ್ನು ಕೇಳಿದರು. ಯಾರೂ ತಮ್ಮ ಭಾಷೆಯನ್ನು ಬಿಟ್ಟುಕೊಡಬೇಕಾಗಲಿಲ್ಲ.

ಕೊನೆಯದಾಗಿ ಈ ತರಗತಿಗೆ ಒಂದೇ ಒಂದು ನಿಯಮವನ್ನು ವಿಧಿಸುತ್ತೇವೆ. ತಪ್ಪು ಆಡಿದವರನ್ನು ತಿದ್ದಬಹುದು, ನಗಬಾರದು. ನಕ್ಕವರು, ವಿಚಾರಣಾ ಗುರುಗಳೇ ಆಗಿರಲಿ, ಎದ್ದು ನಿಂತು ಕ್ಷಮೆ ಕೇಳಬೇಕು. ಮೊದಲ ಪಾಠದ ದಿನ ಕೀರ್ತನೆಯೊಂದನ್ನು ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಓದಿಸಬೇಕೆಂದು ಶಿಕ್ಷಕರನ್ನು ಕೇಳಿಕೊಂಡಿದ್ದೇವೆ. ನಾವೂ ಬಂದು ಹಿಂದಿನ ಬೆಂಚಿನಲ್ಲಿ ಕುಳಿತಿರುತ್ತೇವೆ. ಯಾರಾದರೂ 'ಪಸಾಲಮ್' ಎಂದು ಓದಿದರೆ, ಬಹಳ ವರ್ಷಗಳ ಹಿಂದೆ ಹೇಳಬೇಕಾಗಿದ್ದ ಮಾತನ್ನು ಅಂದು ಹೇಳುತ್ತೇವೆ: "ಪರವಾಗಿಲ್ಲ ಮಗು, ಆ ಪಿ ಅಕ್ಷರವನ್ನು ಬಿಟ್ಟು ಇನ್ನೊಮ್ಮೆ ಓದು. ನಾವು ಕೇಳುತ್ತಿದ್ದೇವೆ."

ದೇವರು ನಿಮ್ಮೆಲ್ಲರನ್ನೂ ಆಶೀರ್ವದಿಸಲಿ.